ಶೇಂಗಾ ಎಣ್ಣೆಯ ಹೊಸ ದರ, ಮತ್ತೆ ಆ ‘ಕೆಮಿಕಲ್’ ಮಾತು

ಪ್ರೀತಿಯ ಗ್ರಾಹಕರೇ,

ಈ ತಿಂಗಳಿಂದ ನಮ್ಮ ಗಾಣದ ಶೇಂಗಾ ಎಣ್ಣೆಗೆ ಲೀಟರಿಗೆ 24 ರೂಪಾಯಿ ಜಾಸ್ತಿಯಾಗಿದೆ. ಅಂಗಡಿ ಬೋರ್ಡಿನಲ್ಲಿ ಬರೆದು ಸುಮ್ಮನಿರಬಹುದಿತ್ತು. ಆದರೆ ಕೌಂಟರಿನಲ್ಲಿ, ವಾಟ್ಸಾಪ್‌ನಲ್ಲಿ ಕೇಳಿಬಂದ “ದರ ಯಾಕೆ ಏರಿತು, ಹೊಲಕ್ಕೆ ಕೆಮಿಕಲ್ ಹಾಕುತ್ತಿದ್ದೀರಾ?” ಅನ್ನುವ ಮಾತಿಗೆ ಉತ್ತರ ಕೊಡದೆ ಇರಲು ಮನಸ್ಸು ಒಪ್ಪಲಿಲ್ಲ. ತಿಂಗಳ ಸಾಮಾನಿನ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ, ನಮಗೂ ಗೊತ್ತು. ನಿಮಗೆ ಹೊರೆಯಾಗಿದ್ದಕ್ಕೆ ಕ್ಷಮೆ ಇರಲಿ.

ಮೊದಲು ಪೇಪರಿನ ಸುದ್ದಿ. “ಎಣ್ಣೆ ಸುಂಕ ಇಳಿದಿದೆಯಲ್ಲ, ನಿಮ್ಮದು ಹೇಗೆ ಏರಿತು?” ಅಂತ ಕೇಳುತ್ತೀರಿ. 2025ರ ಮೇ ಕೊನೆಗೆ ಕೇಂದ್ರ ಸರ್ಕಾರ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿದ್ದು ಹೊರದೇಶದಿಂದ ಬರುವ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ. ನಮ್ಮ ಶೇಂಗಾ ಹಡಗಿನಲ್ಲಿ ಬರುವುದಿಲ್ಲ, ಶಿಕಾರಿಪುರದ ಕಡೆಯಿಂದ ಟೆಂಪೋದಲ್ಲಿ ಬರುತ್ತದೆ. ಆ ಇಳಿಕೆಯಲ್ಲಿ ನಮಗೆ ಸಿಕ್ಕಿದ್ದು ಸೊನ್ನೆ, ಬೈಗುಳ ಮಾತ್ರ ಪೂರ್ತಿ.

ಆ 24ರಲ್ಲಿ 6 ರೂಪಾಯಿ ಗಾಜಿನ ಬಾಟಲಿಗೆ ಮತ್ತು ಸಾಗಣೆಗೆ. ಉಳಿದ 18 ನೇರ ಹೊಲಕ್ಕೆ. ನಮಗೆ ಶೇಂಗಾ ಕೊಡುವ ರೈತರಿಗೆ ಈಗ ನಮ್ಮ ಗಾಣದ ಸಂಘವೇ ಮಣ್ಣು ಪರೀಕ್ಷೆ ಮಾಡಿಸುತ್ತದೆ. ಕೊರತೆ ಕಂಡ ಹೊಲಕ್ಕೆ ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್, 4 ಕೆಜಿ ಬೋರಾಕ್ಸ್ (ಬೋರಾನ್ ಇರುವ ಲವಣ), 200 ಕೆಜಿ ಜಿಪ್ಸಂ ಕೊಡುತ್ತದೆ. ಈ ಖರ್ಚನ್ನು ರೈತನ ಮೇಲೆ ಹಾಕಿದ್ದರೆ ಅವನು ಶೇಂಗಾ ಬಿಟ್ಟು ಮೆಕ್ಕೆಜೋಳಕ್ಕೆ ಹೋಗುತ್ತಿದ್ದ. ಎಷ್ಟೋ ಜನ ಆಗಲೇ ಹೋಗಿದ್ದಾರೆ.

ಇಷ್ಟೆಲ್ಲ ಮಾಡಲು ಕಾರಣ ನಡುವೆ ಕೈಕೊಡುವ ಮಳೆ. “ಆಗುಂಬೆ ಇರುವ ಜಿಲ್ಲೆಗೂ ಬರವಾ?” ಅಂತ ಬೆಂಗಳೂರಿನವರು ನಗುತ್ತಾರೆ. ಆಗುಂಬೆಯ ಮಳೆ ಶಿಕಾರಿಪುರದ ಹೊಲಕ್ಕೆ ಬೀಳುವುದಿಲ್ಲ ಸ್ವಾಮಿ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾದಾಗ ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಆರಿದ್ರಾದಲ್ಲಿ ಬಿತ್ತಿದ ಶೇಂಗಾ ಆಶ್ಲೇಷ, ಮಖದ ಹೊತ್ತಿಗೆ ಹೂ ಮುಗಿಸಿ ಸೂಜಿಯನ್ನು, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ಕುಡಿಯನ್ನು, ನೆಲಕ್ಕೆ ಇಳಿಸುತ್ತದೆ. ಆಗ ಮಳೆ ಕೈಕೊಟ್ಟರೆ ಕಾಯಿ ಜೊಳ್ಳು. ಚೆನ್ನಾಗಿ ತುಂಬಿದ ಬೀಜವೇ ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಹತ್ತಿರ ಬೇಕು. ಜೊಳ್ಳಾದರೆ ಗಾಣ ತಿರುಗಿದ್ದಷ್ಟೇ ಲಾಭ.

ಈಗ ಎಲ್ಲರೂ ಕೇಳಿದ ಮಾತಿಗೆ ಬರುತ್ತೇವೆ: “ನೀವೂ ಕೆಮಿಕಲ್ ಶುರು ಮಾಡಿದ್ರಾ?”

ಇದು ನಮಗೆ ನೋವು ಕೊಟ್ಟ ಮಾತು. ಸತು, ಬೋರಾನ್ ಹುಳ ಕೊಲ್ಲಲು ಹಾಕಿದ ಔಷಧಿಯಲ್ಲ. ಗಿಡಕ್ಕೆ ಬೇಕಾದ ಆಹಾರ, ಬೇಕಾಗುವುದು ತೀರಾ ಸ್ವಲ್ಪ. ಮಕ್ಕಳಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಜೊತೆ 14 ದಿನ ಸತುವಿನ ಮಾತ್ರೆ ಕೊಡುತ್ತಾರಲ್ಲ, ಅದೇ ಸತು. ಬಿಸಿಲಿಗೆ ಗಿಡ ಬಾಡುವಾಗ ಎಲೆಯೊಳಗೆ ಹಾನಿ ಮಾಡುವ ಒಂದು ಬಗೆಯ ಆಮ್ಲಜನಕ ಹುಟ್ಟುತ್ತದೆ. ಅದನ್ನು ತಣಿಸುವ ಕಿಣ್ವಕ್ಕೆ ಸತು ಬೇಕು. ಬೋರಾನ್ ಇಲ್ಲದಿದ್ದರೆ ಪರಾಗ ಸರಿಯಾಗಿ ಬೆಳೆಯುವುದಿಲ್ಲ, ಶೇಂಗಾ ಬೀಜದ ನಡುವೆ ಟೊಳ್ಳು ಬೀಳುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿಗೆ ಎರಡೂ ಕಡೆಯಿಂದ ಪೆಟ್ಟು: ಜೋರು ಮಳೆ ಬೋರಾನ್ ತೊಳೆದುಕೊಂಡು ಹೋಗುತ್ತದೆ. ಮಳೆ ನಿಂತರೆ, ಉಳಿದಿದ್ದನ್ನು ಮೇಲೆತ್ತಲು ಬೇರಿಗೆ ನೀರಿರುವುದಿಲ್ಲ. ಜಿಪ್ಸಂನ ಸುಣ್ಣದಂಶವನ್ನು ಕಾಯಿ ಬೇರಿನಿಂದ ಅಲ್ಲ, ಸುತ್ತಲ ಮಣ್ಣಿನಿಂದಲೇ ಹೀರುತ್ತದೆ. ಅದಕ್ಕೇ ಅದನ್ನು ಗಿಡದ ಬುಡಕ್ಕೇ ಕೊಡುವುದು.

ಅಡಿಕೆ ತೋಟ ಇರುವವರೂ ಇದನ್ನೇ ಕೇಳಿದರು ನೋಡಿ! ಕೊಳೆ ರೋಗಕ್ಕೆ ಪ್ರತಿ ಮಳೆಗಾಲ ಮೈಲುತುತ್ತ ಹೊಡೆಸುವವರು ನೀವೇ ಅಲ್ವಾ? ತಮಾಷೆಗೆ ಹೇಳಿದೆವು, ಬೇಜಾರು ಬೇಡ.

ಬಾಟಲಿಯ ಮೇಲೆ ನಾವು ‘ಸಾವಯವ’ ಅಂತ ಯಾವತ್ತೂ ಬರೆದವರಲ್ಲ. ಹಾಗೆ ನೋಡಿದರೆ ಸಾವಯವ ನಿಯಮಗಳಲ್ಲೂ ಮಣ್ಣಿನಲ್ಲಿ ಕೊರತೆ ಇದ್ದಾಗ ಇಂಥ ಸೂಕ್ಷ್ಮ ಪೋಷಕಾಂಶ ಕೊಡಲು ಅವಕಾಶ ಇದೆ. ಇನ್ನು ಎಣ್ಣೆಗೆ ಏನಾದರೂ ಇಳಿಯುತ್ತದಾ ಅಂತ ಕೇಳಿದವರಿಗೆ: ಈ ಲವಣಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಅಲ್ಲ. ಬೀಜದ ಖನಿಜಾಂಶ ಹೆಚ್ಚಾಗಿ ಹಿಂಡಿಯಲ್ಲೇ ಉಳಿಯುತ್ತದೆ.

ಇದರಿಂದ ಬರವೇ ಗೆದ್ದಂತೆ ಅಂತ ನಾವು ಹೇಳುತ್ತಿಲ್ಲ. ಮಳೆಯೇ ಬಾರದಿದ್ದರೆ ಸತು ನೀರಾಗುವುದಿಲ್ಲ. ನಡುವೆ ಸ್ವಲ್ಪ ದಿನ ಒಣಗಿದರೆ ಗಿಡ ತಡೆದುಕೊಳ್ಳಲಿ, ಕಾಯಿ ತುಂಬಲಿ ಅನ್ನುವುದಷ್ಟೇ ಲೆಕ್ಕ. ಬೋರಾನ್ ಜಾಸ್ತಿಯಾದರೂ ಗಿಡಕ್ಕೆ ಕೆಡುಕು. ಅದಕ್ಕೇ ಮಣ್ಣು ಪರೀಕ್ಷೆಯ ಖರ್ಚು ಬಿಡಲಿಲ್ಲ, ಬಿಡುವುದೂ ಇಲ್ಲ. ಸತು ಒಮ್ಮೆ ಕೊಟ್ಟರೆ ಎರಡು ಮೂರು ವರ್ಷ ಮಣ್ಣಿನಲ್ಲಿರುತ್ತದೆ, ಹಾಗಾಗಿ ಆ ಭಾಗದ ಖರ್ಚು ಪ್ರತಿ ವರ್ಷ ಬರುವುದಿಲ್ಲ. ಉಳಿದಾಗ ದರದಲ್ಲೂ ಇಳಿಸುತ್ತೇವೆ.

ಹೊರಗಿನ ಅಗ್ಗದ ಬೀಜ ತಂದು ಅರೆದಿದ್ದರೆ ಹಳೇ ದರದಲ್ಲೇ ಕೊಡಬಹುದಿತ್ತು. ನಿಮಗೆ ಗೊತ್ತೂ ಆಗುತ್ತಿರಲಿಲ್ಲವೇನೋ. ನಮಗೆ ಅದು ಬೇಡ.

ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ, ಹಿಂಡಿ ಇವುಗಳ ದರ ಬದಲಾಗಿಲ್ಲ. ಮುಂಗಡ ಕೊಟ್ಟವರಿಗೆ ಹಳೇ ದರವೇ. ಖಾಲಿ ಬಾಟಲಿ ತೊಳೆದು, ಒಣಗಿಸಿ ತಂದರೆ ಎಂದಿನಂತೆ ಕಡಿತ ಕೊಡುತ್ತೇವೆ. ಮಣ್ಣು ಪರೀಕ್ಷೆಯ ಕಾಗದಗಳನ್ನು ಕೌಂಟರಿನಲ್ಲೇ ಇಟ್ಟಿದ್ದೇವೆ, ಕೇಳಿದರೆ ತೋರಿಸುತ್ತೇವೆ.

ನಿಮ್ಮ,
ಗಾಣದ ಸಂಘದವರು, ಶಿವಮೊಗ್ಗ