ಮಳೆಗಾಲಕ್ಕೆ ಜಾಗ ಬಿಟ್ಟ ಮೇಜು

ಶಿರಸಿ

ಗೆಳೆಯಾ,

ಊಟದ ಮೇಜಿನ ಮೇಲೆ ಹಲಗೆ ಇಟ್ಟು, ಕಟ್ಟಿಗೆಯ ಮೈ ಹೆರೆದು ನುಣುಪು ಮಾಡುವ ಹತ್ತರಿ ಹೊಡೆದರೆ ಮೇಜೇ ಗೋಡೆಯತ್ತ ಸರಿಯುತ್ತದೆ ಅಂತ ಬರೆದಿದ್ದೀಯಲ್ಲ, ಸರಿಯದೆ ಇನ್ನೇನು ಮಾಡೀತು ಮಾರಾಯ! ಅದನ್ನು ಮಾಡಿದ್ದು ಮೇಲಿನಿಂದ ಬರುವ ಭಾರ ಹೊರಲಿಕ್ಕೆ. ಹತ್ತರಿ ನೂಕುವುದು ಅಡ್ಡಕ್ಕೆ. ನಮ್ಮ ಕಡೆಯ ಆಚಾರಿಗಳು ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಎಂತೆಂಥ ಬಾಗಿಲು ಮಾಡಿದ್ದಾರೆ. ನೆಲ ಅಲ್ಲಾಡುವುದಿಲ್ಲ, ಕಾಲು ಬಿಡುವುದಿಲ್ಲ. ನಿಂತು ಕೆಲಸ ಮಾಡುವ ನಿನಗೆ ಆ ನೆಲ, ಆ ಕಾಲು ಎರಡೂ ಮೇಜೇ ಆಗಬೇಕು. ಅದಕ್ಕೇ ಮರಗೆಲಸಕ್ಕೆಂದೇ ಒಂದು ಭಾರದ ಮೇಜು ಮಾಡಿಕೋ, ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಇದರ ಜೊತೆಗೆ ಕಾರವಾರದ ಮಳೆಗಾಲ ಬೇರೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರಲ್ಲಿ ಕಟ್ಟಿಗೆ ಹಿಗ್ಗುವುದನ್ನು ತಡೆಯಲಿಕ್ಕೆ ಆಗುವುದಿಲ್ಲ. ಹಿಗ್ಗಲಿಕ್ಕೆ ಜಾಗ ಬಿಟ್ಟು ಕಟ್ಟಬಹುದು, ಅಷ್ಟೇ.

ಮೊದಲು ಕಟ್ಟಿಗೆ. ದಾಂಡೇಲಿ ಸಾಗವಾನಿಯ ಆಸೆ ಬಿಡು, ಈ ಕೆಲಸಕ್ಕೆ ಅದು ಬೇಕಾಗಿಲ್ಲ. ಮಿಲ್ಲಿನಲ್ಲಿ ಆಗತಾನೇ ಕೊಯ್ದ ಅಕೇಶಿಯಾ ಅಗ್ಗವಾಗಿ ಸಿಗುತ್ತದೆ, ಗಟ್ಟಿಯೂ ಹೌದು. ಆದರೆ ಹಸಿ ನಾಟಾ ಒಣಗಲು ಇಂಚಿಗೆ ಒಂದು ವರ್ಷ ಹಿಡಿಯುತ್ತದೆ ಎಂಬುದು ಹಳೆಯ ಲೆಕ್ಕ. ನಮ್ಮಲ್ಲಿ ಅದರ ನಾಲ್ಕು ತಿಂಗಳು ಮಳೆಗೇ ಹೋಗುತ್ತದೆ. ಅವಸರ ಮಾಡಿದರೆ ಅಕೇಶಿಯಾ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಅದಕ್ಕಿಂತ ಹಳೆ ಮನೆ ಕಿತ್ತ ಕಟ್ಟಿಗೆ ಹುಡುಕು. ಕುಮಟೆ, ಅಂಕೋಲೆ ಕಡೆ ಹಂಚಿನ ಮನೆ ತೆಗೆದು ತಾರಸಿ ಹಾಕುವವರ ಅಂಗಳದಲ್ಲಿ ಮತ್ತಿ, ಹೊನ್ನೆ, ಹಲಸಿನ ಪಕಾಸಿ (ಹಂಚಿನ ಮಾಡು ಹೊರುವ ಉದ್ದ ಪಟ್ಟಿ), ತೊಲೆಗಳು ರಾಶಿ ಬಿದ್ದಿರುತ್ತವೆ. ಹತ್ತಾರು ವರ್ಷ ಮಾಡಿನ ಕೆಳಗೆ ಒಣಗಿದ್ದು, ಇನ್ನು ಅದು ಬಗ್ಗುವುದು ಕಡಿಮೆ.

ಕೊಳ್ಳುವಾಗ ತುದಿಗಳನ್ನು ನೋಡು. ಗೋಡೆಯೊಳಗೆ ಹುಗಿದಿದ್ದ ತುದಿಯಲ್ಲೇ ಒರಲೆ ಇರುವುದು. ಚಾಕುವಿನ ಮೊನೆ ಸಲೀಸಾಗಿ ಇಳಿದರೆ ಅಲ್ಲಿಂದ ಒಂದಡಿ ಕತ್ತರಿಸಿ ಬಿಡು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಇನ್ನೂ ಜೀವಂತವಾಗಿದೆ, ಅಂಥದ್ದನ್ನು ಮನೆಗೆ ತರಲೇಬೇಡ. ಮೊಳೆಗಳಿಗೆ ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ಮೈಯೆಲ್ಲ ಆಡಿಸು. ತಲೆ ಮುರಿದು ಒಳಗೇ ಉಳಿದ ಮೊಳೆಯ ಸುತ್ತ ಕಟ್ಟಿಗೆ ಕಪ್ಪಾಗಿರುತ್ತದೆ. ಮತ್ತಿಯ ಒಗರಿಗೆ ಕಬ್ಬಿಣವೂ ನೀರೂ ಸೇರಿದರೆ ಬರುವ ಬಣ್ಣ ಅದು. ಒಂದು ಮೊಳೆ ತಪ್ಪಿಸಿಕೊಂಡರೆ ಹತ್ತರಿಯ ಅಲಗು ಹೋಯಿತು.

ಅಳತೆ ಹೀಗೆ. ಮೇಜಿನ ಉದ್ದ 6 ಅಡಿ, ಅಗಲ 21 ಇಂಚು, ಎತ್ತರ 33 ಇಂಚು. ಎತ್ತರವನ್ನು ನಿನ್ನ ಮೈಗೆ ಹೊಂದಿಸಿಕೋ: ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ. ಮೇಲುಹಲಗೆಗೆ 3 ಇಂಚು ಎತ್ತರ, 2 ಇಂಚು ದಪ್ಪದ ಪಕಾಸಿ 12 ಬೇಕು. ಆರೂಕಾಲು ಅಡಿಯಂತೆ ಕತ್ತರಿಸಿಕೋ. ಅವನ್ನು ಮಗ್ಗುಲಾಗಿ ನಿಲ್ಲಿಸಿ ಒಂದಕ್ಕೊಂದು ಅಂಟಿಸುವುದು. ಹತ್ತರಿ ಹೊಡೆದ ಮೇಲೆ ಒಂದೊಂದೂ ಒಂದೂಮುಕ್ಕಾಲು ಇಂಚಿಗೆ ಇಳಿಯುತ್ತದೆ, 12 ಸೇರಿ 21 ಇಂಚು. ಮೇಲುಹಲಗೆಯ ದಪ್ಪ ಕೊನೆಗೆ ಎರಡೂವರೆ ಇಂಚು ಉಳಿದರೆ ಸಾಕು. ಕಾಲು ನಾಲ್ಕು, 4×4ರ ತೊಲೆಯಿಂದ, ಮೂವತ್ತೂವರೆ ಇಂಚು ಉದ್ದ. ಅಂಥ ತೊಲೆ ಸಿಗದಿದ್ದರೆ ಎರಡೆರಡು ಇಂಚಿನದನ್ನು ಅಂಟಿಸಿ ಮಾಡು. ಉದ್ದಪಟ್ಟಿ ಎರಡು, 6×2. ಅಡ್ಡಪಟ್ಟಿ ನಾಲ್ಕು, 4×2. ಒಟ್ಟು ಐದೂವರೆ ಘನ ಅಡಿಯ ಹತ್ತಿರ ಬರುತ್ತದೆ. ಕೆಟ್ಟದ್ದು, ಸೀಳಿದ್ದು ಹೋಗಲಿಕ್ಕೆ ಇನ್ನೊಂದು ಘನ ಅಡಿ ಹೆಚ್ಚಿಗೆ ತಾ. ಮುಗಿದ ಮೇಜು 75ರಿಂದ 100 ಕಿಲೋ ತೂಗುತ್ತದೆ. ಆ ತೂಕ ನಿನಗೆ ಬೇಕು, ಕಡಿಮೆ ಮಾಡಲು ನೋಡಬೇಡ.

ಅಂಟು ಹಾಕುವ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಆಗಲಿ. ಮಳೆಗಾಲದಲ್ಲಿ ಹಿಗ್ಗಿ ನಿಂತ ಕಟ್ಟಿಗೆಯನ್ನು ಅಂಟಿಸಿದರೆ ಬೇಸಿಗೆಯಲ್ಲಿ ಕುಗ್ಗಿ ತುದಿಗಳಲ್ಲಿ ಬಾಯಿ ಬಿಡುತ್ತದೆ. ತೇವ ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ತೂಗು; ಎರಡು ವಾರ ತೂಕ ಇಳಿಯದೆ ನಿಂತರೆ ಕೆಲಸ ಶುರು ಮಾಡಬಹುದು. ಪಕಾಸಿಗಳನ್ನು ಜೋಡಿಸುವಾಗ ಎಳೆ ಎಲ್ಲದರಲ್ಲೂ ಒಂದೇ ಕಡೆಗೆ ಏರುವಂತೆ ನೋಡಿ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಹಾಕು. ಒಂದು ಉಲ್ಟಾ ಕೂತರೂ ಮುಂದೆ ಹತ್ತರಿ ಹೊಡೆಯುವಾಗ ಅದೊಂದೇ ಕಿತ್ತು ಕಿತ್ತು ಬರುತ್ತದೆ. ಹನ್ನೆರಡನ್ನೂ ಒಟ್ಟಿಗೆ ಅಂಟಿಸುವ ಧೈರ್ಯ ಬೇಡ, ಕೊನೆಯದಕ್ಕೆ ಅಂಟು ಬಳಿಯುವಷ್ಟರಲ್ಲಿ ಮೊದಲನೆಯದು ಪದರ ಕಟ್ಟಿರುತ್ತದೆ. ನಾಲ್ಕು ನಾಲ್ಕರ ಮೂರು ಕಟ್ಟು ಮಾಡಿ, ಆಮೇಲೆ ಮೂರನ್ನೂ ಸೇರಿಸು. ನೀರು ತಡೆಯುವ ಅಂಟೇ ಇರಲಿ, ಫೆವಿಕಾಲ್ ಮರೀನ್ ಸಾಕು. ಅಡಿಗೊಂದರಂತೆ ಕ್ಲಾಂಪು, ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ. ಎಲ್ಲ ಒಂದೇ ಕಡೆ ಹಾಕಿದರೆ ಹಲಗೆ ಬಾಳೆಎಲೆಯ ಹಾಗೆ ಮಡಿಚಿಕೊಳ್ಳುತ್ತದೆ. ಒಂದು ದಿನ ಪೂರ್ತಿ ಬಿಚ್ಚಬೇಡ.

ಈಗ ಕಾಲುಗಳು. ಮೇಜು ಅಲ್ಲಾಡುವುದೂ ಅಲ್ಲಾಡದಿರುವುದೂ ತೀರ್ಮಾನ ಆಗುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದು. ಎರಡೆರಡು ಕಾಲುಗಳನ್ನು ಮೇಲೊಂದು, ಕೆಳಗೊಂದು ಅಡ್ಡಪಟ್ಟಿಯಿಂದ ಸೇರಿಸಿ ಏಣಿಯಂಥ ಎರಡು ಚೌಕಟ್ಟು ಮಾಡಬೇಕು. ಪಟ್ಟಿಯ ತುದಿಯಲ್ಲಿ ಅರ್ಧ ಇಂಚು ದಪ್ಪ, 2 ಇಂಚು ಉದ್ದದ ನಾಲಿಗೆ. ಕಾಲಿನಲ್ಲಿ ಅದು ಬಿಗಿಯಾಗಿ ಕೂರುವ ಕಂಡಿ. ಮೇಲಿನ ಪಟ್ಟಿಯ ಕಂಡಿಯನ್ನು ಕಾಲಿನ ತುದಿಯವರೆಗೆ ಒಯ್ಯಬೇಡ, ಒಂದೂಕಾಲು ಇಂಚು ಗಟ್ಟಿ ಬಿಡು, ಇಲ್ಲದಿದ್ದರೆ ತುದಿ ಸೀಳುತ್ತದೆ. ಅಂಟಿನ ಜೊತೆಗೆ ಗೂಟವನ್ನೂ ಹೊಡಿ. ಮೊದಲು ಕಾಲಿಗೆ 3/8 ಇಂಚಿನ ತೂತು ಕೊರೆ. ನಾಲಿಗೆಯನ್ನು ಒಳಗೆ ತಳ್ಳಿ, ಅದೇ ತೂತಿನಿಂದ ಡ್ರಿಲ್ ಬಿಟ್ಟಿನ ಮೊನೆಯಲ್ಲಿ ನಾಲಿಗೆಗೆ ಚುಕ್ಕೆ ಇಡು. ನಾಲಿಗೆ ಹೊರಗೆ ತೆಗೆದು, ಆ ಚುಕ್ಕೆಗಿಂತ ಒಂದೂವರೆ ಮಿಲಿಮೀಟರ್ ಪಟ್ಟಿಯ ಭುಜದ (ನಾಲಿಗೆ ಶುರುವಾಗುವ ಕಡೆಯ ಮೆಟ್ಟಿಲು) ಕಡೆಗೆ ಸರಿದು ತೂತು ಹಾಕು. ಈಗ ಎರಡು ತೂತು ನೇರ ಇಲ್ಲ. ಮೊನೆ ಕೆತ್ತಿದ ಗೂಟ ನುಗ್ಗುವಾಗ ನಾಲಿಗೆಯನ್ನು ಎಳೆದು ಭುಜವನ್ನು ಕಾಲಿಗೆ ಒತ್ತಿ ಕೂರಿಸುತ್ತದೆ. ಕೊಡತಿಯ ಏಟಿನ ಸದ್ದು ಬದಲಾಗುವುದು ಕಿವಿಗೇ ಗೊತ್ತಾಗುತ್ತದೆ. ಮುಂದೆ ಅಂಟು ಸೋತರೂ ಗೂಟ ಬಿಡುವುದಿಲ್ಲ. ಚುಕ್ಕೆಯಿಂದ ತಪ್ಪಿ ಆಚೆ ಕಡೆಗೆ ಸರಿದರೆ ಮಾತ್ರ ಗೂಟ ಸಂದನ್ನೇ ತೆರೆಯುತ್ತದೆ, ಎರಡು ಸಲ ನೋಡಿ ಕೊರೆ. ಗೂಟಕ್ಕೆ ಒಣಗಿದ ಮತ್ತಿಯನ್ನು ಕತ್ತಿಯಿಂದ ಸೀಳಿ ಕೆತ್ತಿಕೋ, ಗರಗಸದಲ್ಲಿ ಕೊಯ್ದರೆ ಎಳೆ ತುಂಡಾಗಿ ಗೂಟ ಅರ್ಧದಲ್ಲೇ ಮುರಿಯುತ್ತದೆ.

ಎರಡು ಚೌಕಟ್ಟುಗಳನ್ನು ಜೋಡಿಸುವ ಉದ್ದಪಟ್ಟಿಗೆ ಅಂಟು ಹಾಕಬೇಡ, ಬೋಲ್ಟು ಹಾಕು. ನೂರು ಕಿಲೋದ ಮೇಜು ಬಾಗಿಲು ದಾಟಬೇಕಾದರೆ ಬಿಚ್ಚಲಿಕ್ಕೆ ಬರಬೇಕು, ಮಳೆಗಾಲ ಬೇಸಿಗೆ ಎರಡರ ನಂತರ ಬಿಗಿ ಮಾಡಲಿಕ್ಕೂ ಬರಬೇಕು. ತುದಿಯಲ್ಲಿ ಅರ್ಧ ಇಂಚಿನ ಮೋಟು ನಾಲಿಗೆ ಇದ್ದರೆ ಪಟ್ಟಿ ತಿರುಗುವುದಿಲ್ಲ. ಅದರ ನಡುವಿನಿಂದ 12 ಮಿ.ಮೀ. ದಪ್ಪ, 200 ಮಿ.ಮೀ. ಉದ್ದದ ಬೋಲ್ಟು, ಒಟ್ಟು ನಾಲ್ಕು. ನಟ್ಟು ಕೂರುವ ಗುಂಡಿಯನ್ನು ಪಟ್ಟಿಯ ಒಳಮೈಯಲ್ಲಿ, ಭುಜದಿಂದ ಮೂರೂವರೆ ಇಂಚು ಬಿಟ್ಟು ತೋಡು. ತುದಿಗೆ ಹತ್ತಿರ ತೋಡಿದರೆ ಬಿಗಿಯುವಾಗ ಆ ಮೋಟು ಎಳೆ ಕಿತ್ತುಕೊಂಡು ಬರುತ್ತದೆ. ಕೆಳಗಿನ ಅಡ್ಡಪಟ್ಟಿ ನೆಲದಿಂದ 4 ಇಂಚಿಗೆ ಶುರುವಾಗಲಿ, ಉದ್ದಪಟ್ಟಿ 9 ಇಂಚಿಗೆ. ಎರಡನ್ನೂ ಒಂದೇ ಎತ್ತರಕ್ಕೆ ತಂದರೆ ಬೋಲ್ಟು ನೇರ ಹೋಗಿ ಅಡ್ಡಪಟ್ಟಿಯ ನಾಲಿಗೆಯನ್ನೇ ಕೊರೆಯುತ್ತದೆ. ಬೋಲ್ಟು, ವಾಷರ್ ಸ್ಟೇನ್‌ಲೆಸ್ ತಗೋ. ನಿನ್ನ ಮನೆಗೆ ಸಮುದ್ರದ ಗಾಳಿ ನೇರ ಬಡಿಯುತ್ತದೆ, ಬರಿ ಕಬ್ಬಿಣ ಎರಡು ಮಳೆಗಾಲದಲ್ಲಿ ಕಚ್ಚಿಕೊಂಡು ಬಿಚ್ಚಲಿಕ್ಕೇ ಬರುವುದಿಲ್ಲ.

ಮೇಲುಹಲಗೆಯನ್ನು ಕೂರಿಸುವಾಗ ನೆನಪಿಡು, 21 ಇಂಚಿನ ಅಗಲ ಏಪ್ರಿಲ್‌ಗೂ ಜುಲೈಗೂ ನಡುವೆ ಕಾಲಿಂಚಿನಷ್ಟು ಹಿಗ್ಗಿ ಕುಗ್ಗಬಹುದು. ಉದ್ದಕ್ಕೆ ಲೆಕ್ಕಕ್ಕೆ ಬರುವಷ್ಟು ಹಿಗ್ಗುವುದಿಲ್ಲ. ಮೇಲಿನ ಅಡ್ಡಪಟ್ಟಿಗಳ ಕೆಳಗಿನಿಂದ 8 ಮಿ.ಮೀ. ದಪ್ಪ, 4 ಇಂಚು ಉದ್ದದ ಸ್ಕ್ರೂ ಹಾಕು. ತಲೆ ಒಂದೂಕಾಲು ಇಂಚು ಒಳಗೆ ಹೋಗುವಂತೆ ದೊಡ್ಡ ಬಿಟ್ಟಿನಲ್ಲಿ ಮೊದಲೇ ಕೊರೆದಿರು. ನೀನು ನಿಲ್ಲುವ ಕಡೆಯ ತೂತು ಬಿಗಿಯಾಗಿರಲಿ, ಗೋಡೆ ಕಡೆಯದನ್ನು ಹಿಂದೆ ಮುಂದೆ ಉದ್ದ ಮಾಡಿ 16 ಮಿ.ಮೀ. ಬಿಡು. ಆಗ ಹಲಗೆ ಹಿಗ್ಗುವುದೆಲ್ಲ ಗೋಡೆಯ ಕಡೆಗೆ, ನೀನು ನಿಲ್ಲುವ ಅಂಚು ಕಾಲಿನ ಮಟ್ಟಕ್ಕೇ ಇರುತ್ತದೆ. ನಾಲ್ಕೂ ಸ್ಕ್ರೂ ಬಿಗಿ ಮಾಡಿದವರ ಮೇಜು ಜುಲೈಯಲ್ಲಿ ಉಬ್ಬಿ, ಮುಂದಿನ ಬೇಸಿಗೆಯಲ್ಲಿ ಉದ್ದಕ್ಕೆ ಸೀಳಿರುತ್ತದೆ.

ಮಟ್ಟ ಮಾಡುವುದು ಎಲ್ಲ ಜೋಡಿಸಿ ನಿಲ್ಲಿಸಿದ ಮೇಲೆ. ಎರಡು ತುದಿಯಲ್ಲಿ ನೆಟ್ಟಗಿನ ಒಂದೊಂದು ರೀಪು ಅಡ್ಡ ಇಟ್ಟು, ಕೂತು ಕಣ್ಣು ಹಾಯಿಸು; ಮೇಲಂಚುಗಳು ಒಂದಕ್ಕೊಂದು ಓರೆಯಾಗಿ ಕಂಡರೆ ಹಲಗೆ ತಿರುಚಿದೆ. ಎತ್ತರದ ಎರಡು ಮೂಲೆಗಳಿಂದ ಓರೆಗೆ ಹತ್ತರಿ ಹೊಡೆಯುತ್ತ ಬಾ. ನಿನ್ನ ಚಿರೆಕಲ್ಲಿನ ಕೋಣೆಯ ನೆಲವೂ ಸಮ ಇಲ್ಲ, ಕಾಲುಗಳ ಕೆಳಗೆ ಕಡಪಾ ಕಲ್ಲಿನ ತುಂಡು ಕೊಡು. ನೆಲದ ತೇವವೂ ಏರುವುದಿಲ್ಲ, ಒರಲೆಯ ಮಣ್ಣಿನ ದಾರಿಯೂ ಕಣ್ಣಿಗೆ ಬೀಳುತ್ತದೆ. ಕಾಲಿನ ಬುಡಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಸಲ ಬಳಿ, ಕೈಗೆ ಕವಚ ಹಾಕಿಕೊಂಡು, ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಮೇಲಿಗೆ ಅಗಸೆ ಎಣ್ಣೆ, ತೆಳುವಾಗಿ ಮೂರು ಸಲ, ಹಲಗೆಯ ಅಡಿಮೈಗೂ ಅಷ್ಟೇ ಸಲ. ಮೇಲೆ ಮಾತ್ರ ಹಚ್ಚಿದರೆ ಅಡಿಯಿಂದ ತೇವ ಹೀರಿ ಬಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗದೆ ಧೂಳು ಹಿಡಿದು ಬೂಸ್ಟು ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡ, ತಾನಾಗೇ ಕಾದು ಬೆಂಕಿ ಹತ್ತುತ್ತದೆ. ಅಂಗಳದಲ್ಲಿ ಹರಡಿ ಒಣಗಿಸು.

ಹಲಗೆ ಹಿಡಿಯಲು ವೈಸ್ ಈಗಲೇ ಕೊಳ್ಳಬೇಕೆಂದಿಲ್ಲ. ಮುಂದಿನ ಅಂಚಿನಿಂದ 3 ಇಂಚು ಒಳಗೆ, 4 ಇಂಚಿಗೊಂದರಂತೆ 19 ಮಿ.ಮೀ. ತೂತು ಕೊರೆ, ಕಟ್ಟಿಗೆಯ ಗೂಟ ತಡೆಯಾಗಿ ನಿಲ್ಲುತ್ತದೆ. ಮೈ ನುಣುಪಾದ 16 ಮಿ.ಮೀ. ಸರಳನ್ನು ಕಮ್ಮಾರನಲ್ಲಿ ಕೊಕ್ಕೆಯ ಹಾಗೆ ಬಗ್ಗಿಸಿ, ಮೂತಿ ಚಪ್ಪಟೆ ಮಾಡಿಸಿಕೋ. ತೂತಿಗೆ ಇಳಿಬಿಟ್ಟು ಮೇಲೆ ಒಂದೇಟು ಹಾಕಿದರೆ ಓರೆಯಾಗಿ ಕಚ್ಚಿಕೊಂಡು ಹಲಗೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನಿಂದ ತಟ್ಟಿದರೆ ಬಿಡುತ್ತದೆ. ಆಚಾರಿಯ ಕಾಲಿನ ಕೆಲಸವನ್ನು ಅದು ಮಾಡುತ್ತದೆ.

ಪಕಾಸಿ ಸಿಕ್ಕ ಕೂಡಲೇ ಅಳತೆ ಬರೆದು ಕಳಿಸು. 2 ಇಂಚಿಗಿಂತ ತೆಳು ಇದ್ದರೆ ಎಷ್ಟು ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.

ನಿನ್ನ ಗೆಳೆಯ