ನಮ್ಮ ಊರಿನ ಬಾವಿ ಮುಚ್ಚಬೇಡಿ

ಸಂಪಾದಕರೇ, ನಮಸ್ಕಾರ.

ನಮ್ಮ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಹಳೇ ಬಾವಿಗೆ ಮಣ್ಣು ತುಂಬಿಸಿ ಗಾಡಿ ನಿಲ್ಲಿಸಲು ಜಾಗ ಮಾಡುವ ಮಾತು ನಡೆದಿದೆ. ಮನೆಮನೆಗೆ ನಲ್ಲಿ ಬಂದಮೇಲೆ ಬಾವಿ ಯಾಕೆ ಅಂತ ಕೇಳುತ್ತಾರೆ. ಅದಕ್ಕೇ ಈ ಕಾಗದ.

ನನಗೆ ಹಳೇ ಯುದ್ಧಗಳ ಬಗ್ಗೆ ಓದುವ ಹುಚ್ಚು. ಈಚೆಗೆ ರೋಮ್ ಮುತ್ತಿಗೆಯ ಕಥೆ ಓದಿದೆ. 536ರ ಡಿಸೆಂಬರಿನಲ್ಲಿ ಬೈಜಾಂಟಿನ್ (ಅಂದರೆ ಪೂರ್ವ ರೋಮನ್) ಸಾಮ್ರಾಜ್ಯದ ಸೇನಾಪತಿ ಬೆಲಿಸಾರಿಯಸ್ ರೋಮ್ ವಶ ಮಾಡಿಕೊಂಡ. ಅವನ ಹತ್ತಿರ ಇದ್ದದ್ದು ಸುಮಾರು 5,000 ಜನ ಅಷ್ಟೇ. ಮೂರು ತಿಂಗಳಿಗೆ ಆಗ ಇಟಲಿ ಆಳುತ್ತಿದ್ದ ಆಸ್ಟ್ರೋಗಾಥರ (ಗಾಥರ ಒಂದು ಪಂಗಡ) ರಾಜ ವಿಟಿಗೆಸ್ ದೊಡ್ಡ ದಂಡು ತಂದು ಏಳು ಕಡೆ ಬಿಡಾರ ಹೂಡಿದ. ದೂರದ ಬೆಟ್ಟಗಳಿಂದ ಕಲ್ಲಿನ ಕಮಾನುಗಳ ಮೇಲೆ ಊರಿಗೆ ನೀರು ತರುತ್ತಿದ್ದ ಕಾಲುವೆಗಳನ್ನೆಲ್ಲ ಕಡಿಸಿಹಾಕಿದ. ನೂರಾರು ವರ್ಷ ಸುಮ್ನೆ ಹರಿದು ಬರುತ್ತಿದ್ದ ನೀರು ನಿಂತೇಹೋಯಿತು.

ಹಿಟ್ಟಿನ ಗಿರಣಿಗಳು ತಿರುಗುತ್ತಿದ್ದದ್ದೂ ಅದೇ ನೀರಿನಿಂದ. ಕಾಳು ಇದೆ, ಬೀಸುವುದು ಹೇಗೆ? ದನಕರುಗಳಿಂದ ತಿರುಗಿಸೋಣ ಅಂದರೆ ಮೇವಿಲ್ಲ. ಬೆಲಿಸಾರಿಯಸ್ ಟೈಬರ್ ನದಿಯಲ್ಲಿ, ಸೇತುವೆಯ ಕೆಳಗೆ ನೀರು ಜೋರಾಗಿ ನುಗ್ಗುವ ಕಡೆ, ಎರಡೆರಡು ದೋಣಿಗಳನ್ನು ಎರಡಡಿ ಜಾಗ ಬಿಟ್ಟು ಹಗ್ಗದಲ್ಲಿ ಕಟ್ಟಿಸಿ, ದೋಣಿಗಳ ಮೇಲೆ ಬೀಸುವ ಕಲ್ಲು, ನಡುವೆ ನೀರಿನ ಚಕ್ರ ಇಡಿಸಿದ. ಗಾಥರು ಮರದ ದಿಮ್ಮಿ, ಹೆಣಗಳನ್ನು ತೇಲಿಬಿಟ್ಟು ಚಕ್ರ ಮುರಿದರು. ಇವನು ನದಿಗೆ ಅಡ್ಡ ಕಬ್ಬಿಣದ ಸರಪಳಿ ಎಳೆಸಿದ, ಗಿರಣಿ ಮತ್ತೆ ತಿರುಗಿತು. ಎಂಥಾ ತಲೆ ನೋಡಿ!

ಕುಡಿಯೋಕೆ? ಹೊಳೆ ಹತ್ತಿರ ಇದ್ದವರಿಗೆ ಹೊಳೆ, ದೂರ ಇದ್ದವರಿಗೆ ಬಾವಿ. ಬೆಲಿಸಾರಿಯಸ್ ಜೊತೆ ಊರೊಳಗೇ ಇದ್ದ ಇತಿಹಾಸಕಾರ ಪ್ರೊಕೋಪಿಯಸ್ ಇದನ್ನು ಬರೆದಿಟ್ಟಿದ್ದಾನೆ. ಸ್ನಾನದ ಮನೆಗಳು ಬಂದಾದವು, ಆಮೇಲೆ ಹಸಿವು, ರೋಗ ಎಲ್ಲ ಬಂತು, ಆದರೂ ಒಂದು ವರ್ಷ ಒಂಬತ್ತು ದಿನ ಊರು ಬೀಳಲಿಲ್ಲ. 538ರ ಮಾರ್ಚಿನಲ್ಲಿ ಗಾಥರೇ ಎದ್ದು ಹೋದರು.

ಓದುತ್ತಾ ನನಗೆ 2018ರ ಆಗಸ್ಟ್ ಕಣ್ಣಮುಂದೆ ಬಂತು. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಜಾರಿ ರಸ್ತೆ ಹೋಯಿತು, ನಮ್ಮ ಊರಿನ ನೀರಿನ ಪೈಪೂ ಅದರ ಜೊತೆ ಹೋಯಿತು. ಮನೆಯಲ್ಲಿ ಅಕ್ಕಿ ಇತ್ತು, ರೊಟ್ಟಿಗೆ ಹಿಟ್ಟಿಲ್ಲ, ಯಾಕೆಂದರೆ ಮಿಲ್ಲಿಗೆ ಕರೆಂಟಿಲ್ಲ. ಸುತ್ತ ಎಲ್ಲಿ ನೋಡಿದರೂ ನೀರು, ಎಲ್ಲಾ ಕೆಂಪು ಕೆಸರು. ಬಾವಿಯ ಕಟ್ಟೆ ಎತ್ತರ ಇದ್ದದ್ದಕ್ಕೆ ಕೆಸರು ಒಳಗೆ ಇಳಿದಿರಲಿಲ್ಲ. ಬಗ್ಗಿ ಚೊಂಬು ಚಾಚಿದರೆ ಸಿಗುವಷ್ಟು ಮೇಲಕ್ಕೆ ನೀರು ಬಂದಿತ್ತು. ಆರು ದಿನ ಇಡೀ ಬೀದಿ ಅದೇ ನೀರನ್ನು ಸೌದೆ ಒಲೆಯಲ್ಲಿ ಕುದಿಸಿ ಕುಡಿದಿದ್ದೇವೆ. ಬಾವಿ ಯಾಕೆ ಅಂತ ಈಗ ಕೇಳುವವರೂ ಆಗ ಕೊಡಪಾನ ಹಿಡಿದು ನಮ್ಮ ಜೊತೆ ಸಾಲಿನಲ್ಲಿ ನಿಂತಿದ್ದವರೇ ಅಲ್ವಾ?

ಗಾಡಿ ನಿಲ್ಲಿಸಲು ಬೇರೆ ಜಾಗ ಹುಡುಕಬಹುದು. ಬಾವಿಯ ಹೂಳು ತೆಗೆಸಿ, ಮೇಲೆ ಒಂದು ಕಬ್ಬಿಣದ ಜಾಲರಿ ಹಾಕಿಸಿ. ರಾಟೆ ತುಕ್ಕು ಹಿಡಿದು ಕೂತಿದೆ, ಮಳೆಗಾಲಕ್ಕೆ ಮೊದಲು ಅದೊಂದನ್ನು ಬದಲಾಯಿಸಿಕೊಡಿ. ಹಗ್ಗ ನಾವೇ ತರುತ್ತೇವೆ.

ಇಂತಿ,
ನಿಮ್ಮ ಓದುಗ, ಸೋಮವಾರಪೇಟೆ ತಾಲ್ಲೂಕು, ಕೊಡಗು