ಮಗಳಿಗೊಂದು ಪತ್ರ: ಬಿಸಿ ಇರುವಾಗಲೇ ಸುತ್ತಬೇಕು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು "ಅಮ್ಮಾ, ಅಜ್ಜಿ ಬೂಷ್ ಕೇಳ್ತಿದ್ದಾರೆ" ಅಂದಾಗ ಒಂದು ಕ್ಷಣ ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಕಣ್ಣು ತುಂಬಿತು. ಧಾರವಾಡದ ಅಜ್ಜಿ, 84 ವರ್ಷ, ಕ್ರಿಸ್‌ಮಸ್ ರಜೆಗೆ ಬೆಂಗಳೂರಿಗೆ ನಿನ್ನ ಅತ್ತೆಯ ಮನೆಗೆ ಬರುತ್ತಾರಂತೆ, ಬಂದಾಗ ಅವರಿಗೆ ಆ ಬೂಷ್, ಅಂದರೆ ಫ್ರಾನ್ಸಿನ ಕ್ರಿಸ್‌ಮಸ್ "ಕೊರಡಿನ ಕೇಕ್", ಬೇಕಂತೆ. ಅವರು ಅದನ್ನು ತಿಂದು ಹದಿಮೂರು ವರ್ಷ ಆಯಿತು. ನೀನು "ರೆಸಿಪಿ ವಾಟ್ಸಾಪ್ ಮಾಡು" ಅಂದೆ. ಬರೆಯಲು ಕೂತೆ, ನಾಲ್ಕು ಸಾಲಿಗೆ ಮುಗಿಯಲಿಲ್ಲ. ಅದಕ್ಕೇ ಈ ಪತ್ರ. ಪೂರ್ತಿ ಓದಿಕೊಂಡು ಆಮೇಲೆ ಅಡುಗೆಮನೆಗೆ ಹೋಗು.

ಮೊದಲು ಒಂದೇ ಮಾತು ಹೇಳಿಬಿಡುತ್ತೇನೆ, ಬೇರೆಲ್ಲ ಮರೆತರೂ ಪರವಾಗಿಲ್ಲ. ಬಿಸಿ ಇರುವಾಗಲೇ ಸುತ್ತಬೇಕು. ಆರಲಿ ಅಂತ ಕಾಯಬಾರದು.

ಇದನ್ನು ನನಗೆ ಕಲಿಸಿದ್ದು ನಮ್ಮ ಕೆಳಗಿನ ಮನೆಯ ಮದಾಮ್. 2010ರಲ್ಲಿ ಅಪ್ಪನಿಗೆ ಇಟೆರ್ ಅನ್ನುವ ಅಣು ಸಮ್ಮಿಲನ ಯೋಜನೆಯಲ್ಲಿ ಕೆಲಸ ಸಿಕ್ಕಿ ನಾವು ದಕ್ಷಿಣ ಫ್ರಾನ್ಸಿನ ಮನೋಸ್ಕ್‌ಗೆ ಬಂದೆವು. ನಿನಗಾಗ ನಾಲ್ಕು ವರ್ಷ. ಡಿಸೆಂಬರ್ ಬಂತು, ಮಿಸ್ಟ್ರಲ್ ಗಾಳಿ ಕಿಟಕಿಯ ಹಲಗೆಗಳನ್ನು ರಾತ್ರಿಯಿಡೀ ಬಡಿಯುತ್ತಿತ್ತು, ನನಗೆ ಭಾಷೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮದಾಮ್ ಬಾಗಿಲು ತಟ್ಟಿ, ನಿನ್ನನ್ನೂ ನನ್ನನ್ನೂ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ನಾಲ್ಕು ಮೊಟ್ಟೆ, 120 ಗ್ರಾಂ ಸಕ್ಕರೆ, 100 ಗ್ರಾಂ ಮೈದಾ, 20 ಗ್ರಾಂ ಕೋಕೋ. ಅಷ್ಟೇ. ಬೆಣ್ಣೆ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಶಿರಸಿಯ ನನ್ನ ತವರುಮನೆಗೆ ಮೊಟ್ಟೆ ಬಂದದ್ದೇ ಇಲ್ಲ, ನಾನು ಅಲ್ಲಿಯವರೆಗೂ ಒಂದು ಮೊಟ್ಟೆ ಒಡೆದಿರಲಿಲ್ಲ. ಮದಾಮ್ ಬಿಳಿ ಬೇರೆ ಹಳದಿ ಬೇರೆ ಮಾಡಿ, ಬಿಳಿಯನ್ನು ಕಡೆದು ಕಡೆದು ಗಟ್ಟಿ ನೊರೆ ಮಾಡಿದರು, ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು. ಆ ನೊರೆಯ ಗಾಳಿಯೇ ಒಲೆಯಲ್ಲಿ ಕೇಕನ್ನು ಎಬ್ಬಿಸುತ್ತದೆ. ಹಾಗಾಗಿ ಹಿಟ್ಟು ಬೆರೆಸುವಾಗ ಕೈ ಜೋರು ಮಾಡಿದರೆ ಮುಗಿಯಿತು, ಗಾಳಿ ಹೋಗುತ್ತದೆ.

30 ಇಂಟು 40 ಸೆಂಟಿಮೀಟರ್ ಟ್ರೇ, 180 ಡಿಗ್ರಿ, ಹತ್ತರಿಂದ ಹನ್ನೆರಡು ನಿಮಿಷ. ಹೊರಗೆ ತೆಗೆದ ಕೂಡಲೇ ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಬೋರಲು ಹಾಕಿ, ಕಾಗದ ಸುಲಿದು, ಬಟ್ಟೆ ಸಮೇತ ಚಾಪೆ ಸುತ್ತಿದ ಹಾಗೆ ಸುತ್ತಿಬಿಟ್ಟರು. ಒಳಗೆ ಏನೂ ಹಚ್ಚದೆ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಾವು ಪತ್ರೊಡೆಗೆ ಮೊದಲು ಹಿಟ್ಟು ಸವರಿ ಆಮೇಲೆ ಎಲೆ ಸುತ್ತುತ್ತೇವೆ, ಅಲ್ವಾ? ಇಲ್ಲಿ ಮೊದಲು ಬರೀ ಕೇಕನ್ನು ಸುತ್ತಿ ಇಡಬೇಕು, ಅದು ಸುರುಳಿಯಲ್ಲೇ ಆರಬೇಕು, ಪೂರ್ತಿ ಆರಿದ ಮೇಲೆ ಬಿಚ್ಚಿ ಕ್ರೀಮ್ ಹಚ್ಚಿ ಮತ್ತೆ ಸುತ್ತಬೇಕು. ಬಿಸಿಯಲ್ಲಿ ಕೇಕಿನೊಳಗೆ ಇನ್ನೂ ಹಬೆ ಇರುತ್ತದೆ, ಮೆತ್ತಗಿರುತ್ತದೆ, ಹೇಳಿದ ಹಾಗೆ ಬಾಗುತ್ತದೆ. ಯಾವ ಆಕಾರದಲ್ಲಿ ಆರುತ್ತದೋ ಅದೇ ಆಕಾರ ಅದಕ್ಕೆ ಅಭ್ಯಾಸವಾಗುತ್ತದೆ. ಚಪ್ಪಟೆಯಾಗಿ ಆರಿದರೆ ಆಮೇಲೆ ಬಾಗಲ್ಲ.

ಮುಂದಿನ ವರ್ಷ ನಾನೊಬ್ಬಳೇ ಮಾಡಿದೆ. ಕೈ ಸುಡುತ್ತದೆ ಅಂತ ಹೆದರಿ ಇಪ್ಪತ್ತು ನಿಮಿಷ ಬಿಟ್ಟೆ. ಸುತ್ತಲು ಹೋದಾಗ ಮೂರು ಕಡೆ ಬಿರುಕು, ಕೊನೆಗೆ ಮೂರು ತುಂಡು. ನೀನು ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತಿದ್ದೆ. ನನಗೆ ಅಳು ಬಂದಿತ್ತು. ಮದಾಮ್ ಬಂದು ನೋಡಿದರು, ಏನೂ ಹೇಳಲಿಲ್ಲ, ಚಾಕಲೇಟಿಗೆ ಬಿಸಿ ಕ್ರೀಮ್ ಬೆರೆಸಿದ ಗನಾಶ್ ಹಚ್ಚಿ ತುಂಡುಗಳನ್ನು ಜೋಡಿಸಿದರು, ಮೇಲೆ ಫೋರ್ಕಿನಿಂದ ಉದ್ದಕ್ಕೆ ಗೀರು ಎಳೆದರು. ತೊಗಟೆ ಬಂತು. ಬಿರುಕು ಎಲ್ಲಿತ್ತು ಅಂತ ನನಗೇ ತಿಳಿಯಲಿಲ್ಲ. ಮರಕ್ಕೆ ಬಿರುಕು ಇರುತ್ತದಲ್ಲ ಪುಟ್ಟಿ, ಹಾಗಾಗಿ ಈ ಕೇಕಿನಲ್ಲಿ ಬಿರುಕಿಗೆ ಹೆದರುವ ಕಾರಣವೇ ಇಲ್ಲ.

ಇದು ಕೊರಡು ಯಾಕೆ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮದಾಮ್ ಅವರ ಅಜ್ಜಿಯ ಮನೆಯಲ್ಲಿ ನಿಜವಾದ ಕೊರಡೇ ಇತ್ತಂತೆ. ನಮ್ಮ ಮನೋಸ್ಕ್ ಇರುವ ಪ್ರೊವಾನ್ಸ್ ಸೀಮೆಯಲ್ಲಿ ಅದಕ್ಕೆ ಕಾಚೋ-ಫಿಯೋ ಅನ್ನುತ್ತಾರೆ. ಡಿಸೆಂಬರ್ 24ರ ರಾತ್ರಿ ಊಟಕ್ಕೆ ಮುಂಚೆ, ಹಣ್ಣಿನ ಮರದ ಒಂದು ಕೊರಡನ್ನು, ಬಾದಾಮಿಯದ್ದೋ ಆಲಿವ್‌ದ್ದೋ, ಮನೆಯ ಎಲ್ಲರಿಗಿಂತ ಹಿರಿಯರು ಒಂದು ತುದಿ, ಎಲ್ಲರಿಗಿಂತ ಕಿರಿಯ ಮಗು ಇನ್ನೊಂದು ತುದಿ ಹಿಡಿದು ಮೇಜಿನ ಸುತ್ತ ಮೂರು ಸುತ್ತು ಬರುತ್ತಾರೆ. ಆಮೇಲೆ ಅದರ ಮೇಲೆ ಸಿಹಿ ವೈನ್ ಸುರಿದು ಒಲೆಗೆ ಇಡುತ್ತಾರೆ. ಊರೂರಲ್ಲಿ ದೊಡ್ಡ ಒಲೆಗಳು ಹೋದವು, ಕೊರಡು ಇಡಲು ಜಾಗವಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಕೇಕ್ ಮಾಡುವವರು ಕೊರಡನ್ನೇ ಸಿಹಿ ಮಾಡಿ ಮೇಜಿನ ಮೇಲಿಟ್ಟಿದ್ದರು. ಪ್ರೊವಾನ್ಸ್‌ನವರ ಹಳೆಯ ಕ್ರಿಸ್‌ಮಸ್ ಊಟದ ಕೊನೆಗೆ ಹದಿಮೂರು ಸಿಹಿ ಇರುತ್ತವೆ, ಒಣ ಅಂಜೂರ, ದ್ರಾಕ್ಷಿ, ಬಾದಾಮಿ, ಆಕ್ರೋಟ, ನೂಗಾ ಅಂತ. ಬೂಷ್ ಆ ಪಟ್ಟಿಯದ್ದಲ್ಲ, ಆಮೇಲೆ ಬಂದು ಸೇರಿಕೊಂಡದ್ದು. ನಾವೂ ಹಾಗೇ ಬಂದು ಸೇರಿಕೊಂಡವರು, ಅದಕ್ಕೋ ಏನೋ ನನಗೆ ಹದಿಮೂರಕ್ಕಿಂತ ಅದರ ಮೇಲೇ ಪ್ರೀತಿ ಜಾಸ್ತಿ.

2012ರ ಡಿಸೆಂಬರ್‌ನಲ್ಲಿ ಅಜ್ಜಿ ಬಂದರು. ಅವರು ಬಂದ ವಾರವೇ 4ನೇ ತಾರೀಕು, ಸಂತ ಬಾರ್ಬರಾ ದಿನ. ಮದಾಮ್ ಮೂರು ಸಣ್ಣ ತಟ್ಟೆಯಲ್ಲಿ ಹತ್ತಿ ಹಾಸಿ ಗೋಧಿ ಬಿತ್ತಿ ನಮ್ಮ ಮನೆಗೂ ತಂದುಕೊಟ್ಟರು. ಕ್ರಿಸ್‌ಮಸ್ ಹೊತ್ತಿಗೆ ಹಸಿರಾಗಿ ಎದ್ದು ನಿಂತರೆ ಮುಂದಿನ ವರ್ಷ ಚೆನ್ನಾಗಿರುತ್ತದೆ ಅಂತ ನಂಬಿಕೆ. ಅಜ್ಜಿ ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೀರು ಚಿಮುಕಿಸುತ್ತಿದ್ದರು. ಮೊಳಕೆ ಬಂದ ದಿನ, "ಇದು ನಮ್ಮ ಘಟ್ಟದ ಸಸೀನೇ ಅದ ಅಲ್ಲ?" ಅಂದರು. ನವರಾತ್ರಿಗೆ ಅವರು ಮಣ್ಣಿನಲ್ಲಿ ಕಾಳು ಹಾಕಿ ಘಟ್ಟ ಕೂರಿಸುತ್ತಾರಲ್ಲ, ಅದೇ. ಆ ದಿನದಿಂದ ಅಜ್ಜಿಗೆ ಪರಊರು ಅನ್ನಿಸಲಿಲ್ಲ. ಮದಾಮ್ ಮನೆಯಲ್ಲಿ ಕ್ರಿಸ್‌ಮಸ್‌ಗೆ ಜೋಡಿಸಿದ್ದ ಮಣ್ಣಿನ ಸಾಂತೋನ್ ಗೊಂಬೆಗಳನ್ನು, ಮೀನು ಮಾರುವವಳು, ರೊಟ್ಟಿ ಸುಡುವವನು, ಕುರುಬ, ಎಲ್ಲವನ್ನೂ ಅಜ್ಜಿ ದಸರಾ ಗೊಂಬೆ ನೋಡಿದ ಹಾಗೆ ಒಂದೊಂದೇ ಕೈಗೆತ್ತಿಕೊಂಡು ನೋಡಿದರು. ಒಬ್ಬರು ಕನ್ನಡ, ಒಬ್ಬರು ಫ್ರೆಂಚ್. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು.

ಆದರೆ ಅಜ್ಜಿ ಮೊಟ್ಟೆ ತಿನ್ನಲ್ಲ. ಹಾಗಾಗಿ ಆ ವರ್ಷ ನಾನು ಬೇರೆ ದಾರಿ ಹುಡುಕಿದೆ, ಎರಡು ಸಲ ಕೆಟ್ಟಿತು, ಮೂರನೆಯದು ಬಂತು. ನೀನು ಮಾಡಬೇಕಾದದ್ದು ಅದು, ಸರಿಯಾಗಿ ಬರೆದುಕೋ. ಅತ್ತೆಯ ಓಟಿಜಿ ಓವನ್ನಿನ ಟ್ರೇ ಅಳೆದು ನೋಡು, 25 ಇಂಟು 30 ಇದ್ದರೆ ಈ ಅಳತೆ ಸರಿ. ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಅಂದರೆ 400 ಗ್ರಾಂ ಡಬ್ಬಿಯಲ್ಲಿ ಅರ್ಧ. ಅದಕ್ಕೆ ಕರಗಿಸಿದ ಬೆಣ್ಣೆ 60 ಗ್ರಾಂ. 100 ಎಂಎಲ್ ಹಾಲಿಗೆ ಒಂದು ಚಮಚ ವಿನೆಗರ್ ಹಾಕಿ ಐದು ನಿಮಿಷ ಬಿಟ್ಟು ಸೇರಿಸು. ಮೈದಾ 100 ಗ್ರಾಂ, ಕೋಕೋ 20 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಸೋಡಾ ಅರ್ಧ ಟೀ ಚಮಚ, ಇವನ್ನೆಲ್ಲ ಎರಡು ಸಲ ಜರಡಿ ಹಿಡಿದು ಬೆರೆಸು. ಬೆರೆಸಿದ್ದು ಸಾಕು ಅನ್ನಿಸಿದ ಕೂಡಲೇ ನಿಲ್ಲಿಸಬೇಕು, ಜಾಸ್ತಿ ತಿರುಗಿಸಿದರೆ ಮೈದಾ ಜಿಗುಟು ಬಿಟ್ಟು ಕೇಕ್ ಗಟ್ಟಿಯಾಗುತ್ತದೆ. ಸೋಡಾ ಮತ್ತು ವಿನೆಗರ್ ಸೇರಿದ ತಕ್ಷಣ ಗುಳ್ಳೆ ಏಳಲು ಶುರು, ಆದ್ದರಿಂದ ಓವನ್ ಮೊದಲೇ ಬಿಸಿಯಾಗಿರಲಿ, ಹಿಟ್ಟು ಕಾಯಬಾರದು. ಬೇಕಿಂಗ್ ಪೇಪರ್ ಮೇಲೆ ಸುರಿದು ಮೂಲೆಗೂ ಸಮನಾಗಿ ಹರಡು. 180 ಡಿಗ್ರಿ. ಎಂಟನೇ ನಿಮಿಷದಿಂದ ಅಲ್ಲೇ ನಿಂತಿರು. ಬೆರಳಿನಿಂದ ಒತ್ತಿದಾಗ ಮೇಲೆದ್ದು ಬಂದರೆ ಆಯಿತು. ಅದಕ್ಕಿಂತ ಎರಡು ನಿಮಿಷ ಹೆಚ್ಚಾದರೂ ಒಣಗಿ ಮುರಿಯುತ್ತದೆ.

ಬಟ್ಟೆಗೆ ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡು ಸಿಕ್ಕರೆ ಅದೇ ಬೆಸ್ಟ್. ಟರ್ಕಿ ಟವೆಲ್ ಬೇಡವೇ ಬೇಡ, ನೂಲು ಅಂಟುತ್ತದೆ. ಈ ಕೇಕಿಗೆ ಒದ್ದೆ ಬಟ್ಟೆಯೂ ಬೇಡ, ಒಣ ಬಟ್ಟೆಯ ಮೇಲೆ ಕೋಕೋ ಉದುರಿಸು. ಬೋರಲು ಹಾಕಿ, ಕಾಗದ ತೆಗೆದು, ನಾಲ್ಕೂ ಅಂಚನ್ನು ಒಂದೊಂದು ಬೆರಳಷ್ಟು ಕತ್ತರಿಸಿ ತೆಗೆ. ಅಂಚು ಗರಿಗರಿಯಾಗಿರುತ್ತದೆ, ಬಿರುಕು ಶುರುವಾಗುವುದೇ ಅಲ್ಲಿಂದ. ಚಿಕ್ಕ ಬದಿಯಿಂದ ಸುತ್ತು. ಮೊದಲ ಮಡಿಕೆ ಮಾತ್ರ ಬಿಗಿಯಾಗಿರಲಿ, ಮಿಕ್ಕದ್ದು ತಾನೇ ಹೋಗುತ್ತದೆ. ಇಷ್ಟೂ ಎರಡು ನಿಮಿಷದೊಳಗೆ ಆಗಬೇಕು, ಕೈ ಸ್ವಲ್ಪ ಬಿಸಿ ತಾಗುತ್ತದೆ, ತಾಗಲಿ.

ಒಳಗೆ ಹಚ್ಚಲು ಇಲ್ಲಿ ನಾವು ಚೆಸ್ಟ್‌ನಟ್ ಪೇಸ್ಟ್ ಬಳಸುತ್ತಿದ್ದೆವು, ಆರ್ದೆಶ್‌ನ ಪ್ರಿವಾ ಊರಿನ ಕ್ಲೆಮಾನ್ ಫೋಜಿಯೇ ಕಂಪನಿಯ ಡಬ್ಬಿ, 1885ರಿಂದ ಮಾಡುತ್ತಿದ್ದಾರೆ. ಬೆಂಗಳೂರಿನಲ್ಲಿ ಅದನ್ನು ಹುಡುಕಿಕೊಂಡು ಸುಮ್ನೆ ಅಲೆಯಬೇಡ. ಕಾಫಿ ಹಾಕು. ಬೂಷ್‌ಗೆ ಕಾಫಿ ಕ್ರೀಮ್ ಇಲ್ಲಿಯ ಹಳೆಯ ರೂಢಿಯೇ, ನಮ್ಮ ಹೊಸ ಆವಿಷ್ಕಾರ ಏನಲ್ಲ. ಫಿಲ್ಟರಿನಿಂದ ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಎರಡು ಚಮಚ, ಪೂರ್ತಿ ತಣ್ಣಗಾದ ಮೇಲೆ, ಕಡೆದ ಕ್ರೀಮಿಗೆ. ಕ್ರೀಮ್ ಕೊಳ್ಳುವಾಗ ಪ್ಯಾಕೆಟ್ ಓದು. ಅಲ್ಲಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಕೊಬ್ಬು 25 ಶೇಕಡ, ಎಷ್ಟು ಕಡೆದರೂ ನಿಲ್ಲಲ್ಲ. 30ಕ್ಕಿಂತ ಮೇಲಿರಬೇಕು, ವಿಪ್ಪಿಂಗ್ ಕ್ರೀಮ್ ಅಂತ ಕೇಳು. 25ರದ್ದು ಮೇಲಿನ ಗನಾಶ್‌ಗೆ ಆಗುತ್ತದೆ: 200 ಗ್ರಾಂ ಡಾರ್ಕ್ ಚಾಕಲೇಟಿಗೆ 150 ಎಂಎಲ್ ಬಿಸಿ ಕ್ರೀಮ್. ಚಾಕಲೇಟ್ ಪ್ಯಾಕೆಟ್ಟಿನಲ್ಲಿ 'ಕಾಂಪೌಂಡ್' ಅಂತ ಇದ್ದರೆ ಬೇಡ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಎಣ್ಣೆ ಇರುತ್ತದೆ, ಬಾಯಲ್ಲಿ ಮೇಣದ ಹಾಗೆ ಉಳಿಯುತ್ತದೆ.

ಕೊರಡಿನ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸು, ಕಡಿದ ಕೊಂಬೆಯ ಹಾಗೆ. ಕತ್ತರಿಸಿದ ಮುಖಗಳಿಗೆ ಗನಾಶ್ ಹಚ್ಚಬೇಡ, ಸುರುಳಿ ಕಾಣಲಿ, ಮರದ ಉಂಗುರ ಅದು. ಇಲ್ಲಿ ಮೇಲೆ ಇಡುವ ಅಣಬೆಗಳನ್ನು ಮೊಟ್ಟೆಯ ಬಿಳಿಯಲ್ಲಿ ಮಾಡುತ್ತಾರೆ. ಅಜ್ಜಿಗಾಗಿ ನೀನು ಕಾಜು ಕತ್ಲಿಯನ್ನು ಕೈಯಲ್ಲಿ ನಾದಿ ಅಣಬೆ ಮಾಡು, ಟೋಪಿಗೆ ಚೂರು ಕೋಕೋ ಸವರು. ಈಗ ಇಲ್ಲಿಯ ದೊಡ್ಡ ಅಂಗಡಿಗಳಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ, ಕನ್ನಡಿಯ ಹಾಗೆ ಹೊಳೆಯುವ ಬೂಷ್ ಬರುತ್ತವೆ, ರುಚಿಯೇನೋ ಇರುತ್ತದೆ, ಆದರೆ ಸುರುಳಿಯೇ ಇಲ್ಲದ್ದನ್ನು ನನ್ನ ಮನಸ್ಸು ಕೊರಡು ಅಂತ ಒಪ್ಪಲ್ಲ.

ಅಜ್ಜಿ ಬಂದಿದ್ದ ಆ ಕ್ರಿಸ್‌ಮಸ್ ರಾತ್ರಿ ನಿನಗೆ ಎಷ್ಟು ನೆನಪಿದೆಯೋ. ಮದಾಮ್‌ಗೆ ಆ ವರ್ಷ ಮನೆಯಲ್ಲಿ ಯಾರೂ ಇರಲಿಲ್ಲ, ನಮ್ಮ ಜೊತೆಗೇ ಊಟ. ಕೇಕನ್ನು ರೊಟ್ಟಿ ಲಟ್ಟಿಸುವ ಹಲಗೆಯ ಮೇಲೆ ಇಟ್ಟಿದ್ದೆ. ಅದನ್ನು ಎತ್ತಲು ಹೋದಾಗ ಮದಾಮ್ ನನ್ನನ್ನು ತಡೆದರು. ಅಜ್ಜಿಯನ್ನು ತೋರಿಸಿದರು, ನಿನ್ನನ್ನು ತೋರಿಸಿದರು. ಅಜ್ಜಿಗೆ ನಾನು ಕಾಚೋ-ಫಿಯೋ ವಿಷಯ ಹೇಳಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಹಲಗೆಯ ಒಂದು ಕಡೆ ಹಿಡಿದರು. ನಿನಗೆ ಆರು ವರ್ಷ, ಇನ್ನೊಂದು ಕಡೆ ಎರಡೂ ಕೈ. ಅಜ್ಜಿ ಎತ್ತರ, ನೀನು ಗಿಡ್ಡ, ಹಲಗೆ ನಿನ್ನ ಕಡೆ ವಾಲುತ್ತಿತ್ತು. "ಏ ಪುಟ್ಟಿ, ಗಟ್ಟಿ ಹಿಡಿ, ಬೀಳತದ" ಅನ್ನುತ್ತಾ ಅಜ್ಜಿ ತಾವೇ ಬಗ್ಗಿದರು, ನಿನ್ನ ಎತ್ತರಕ್ಕೆ. ಹಾಗೆ ಬಗ್ಗಿಕೊಂಡೇ ಮೂರು ಸುತ್ತು ಬಂದರು. ಮಂಡಿನೋವಿನವರು. ಯಾರೂ ಮಾತಾಡಲಿಲ್ಲ, ಮದಾಮ್ ಕಣ್ಣೊರೆಸಿಕೊಳ್ಳುತ್ತಿದ್ದರು. ವೈನ್ ಸುರಿಯಲಿಲ್ಲ. ಅಜ್ಜಿ ಗೋಧಿ ತಟ್ಟೆಯಿಂದ ನಾಲ್ಕು ಹಸಿರು ಎಳೆ ಕಿತ್ತು ಕೊರಡಿನ ಮೇಲೆ ಇಟ್ಟರು.

ಅದಕ್ಕೇ ಅವರು ಈಗ ಕೇಳುತ್ತಿರುವುದು ಬರೀ ಕೇಕ್ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಈ ಸಲವೂ ಮನೆಗೆ ಹಿರಿಯರು ಅಜ್ಜಿಯೇ. ಆದರೆ ಕಿರಿಯವಳು ನೀನಲ್ಲ, ಅತ್ತೆಯ ಮೊಮ್ಮಗ ಇದ್ದಾನೆ, ಅವನಿಗೆ ಮೂರು ವರ್ಷ. ಇನ್ನೊಂದು ತುದಿ ಅವನದ್ದು. ಅಜ್ಜಿಗೆ ಈಗ ಬಗ್ಗಲು ಆಗಲ್ಲ, ಕೂತಲ್ಲಿಂದಲೇ ಹಿಡಿಯಲಿ, ಒಂದು ಸುತ್ತು ಸಾಕು, ಬೇಕಾದರೆ ಕುರ್ಚಿಯ ಸುತ್ತ ಅವನೇ ಬರಲಿ. ಹಗುರವಾದ ಹಲಗೆ ತಗೋ, ಸ್ಟೀಲ್ ತಟ್ಟೆ ಬೇಡ, ಜಾರುತ್ತದೆ. ನೀನು ನಡುವೆ ನಿಂತು ಅಡಿಗೆ ಕೈ ಕೊಡು, ಅವರಿಬ್ಬರಿಗೂ ಗೊತ್ತಾಗದ ಹಾಗೆ.

ಗೋಧಿ ಇವತ್ತೇ ನೆನೆ ಹಾಕು. 4ನೇ ತಾರೀಕು ದಾಟಿದೆ, ಆದರೂ ಬೆಂಗಳೂರಿನ ಬಿಸಿಲಿಗೆ ಬೇಗ ಬರುತ್ತದೆ.

ನಿನ್ನ ಅಮ್ಮ